ತೇಪೆ ಮತ್ತು ಒಪ್ಪೋಲೆ: ಗಣಕಗ್ರಂಥಗಳ ತಿದ್ದುಪಡಿಯ ಚರಿತ್ರೆ

ತೇಪೆ ಎಂಬುದು ಬಟ್ಟೆಗೆ ಸಂಬಂಧಪಟ್ಟ ಮಾತು. ಹರಿದ ವಸ್ತ್ರಕ್ಕೆ ಬೇರೊಂದು ತುಂಡನ್ನು ಹೊಲಿದು ಅದನ್ನು ಇನ್ನಷ್ಟು ಕಾಲ ಉಡುವಂತೆ ಮಾಡುವುದು ಬಡತನದ ಲಕ್ಷಣವೆಂದು ಲೋಕದಲ್ಲಿ ಎಣಿಸಲ್ಪಟ್ಟಿದೆ. ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ರಚಿಸುವವರಲ್ಲಿ ಇದೇ ಅರ್ಥದ 'ಪ್ಯಾಚ್' ಎಂಬ ಇಂಗ್ಲಿಷ್ ಶಬ್ದವು ಬಳಕೆಯಲ್ಲಿದೆ. ಅವರಲ್ಲಿಯೂ ಅದಕ್ಕೆ ಬಹುಕಾಲ ಹೆಚ್ಚಿನ ಗೌರವವಿರಲಿಲ್ಲ. ಈ ಶಾಸ್ತ್ರದ ಚರಿತ್ರೆಯನ್ನು ಬರೆದವರು ಯಂತ್ರಗಳನ್ನೂ ಭಾಷೆಗಳನ್ನೂ ಅವುಗಳ ನಿರ್ಮಾತೃಗಳನ್ನೂ ವಿಸ್ತಾರವಾಗಿ ವರ್ಣಿಸಿ ತೇಪೆಯ ವಿಷಯವನ್ನು ಅಡಿಟಿಪ್ಪಣಿಗೆ ಬಿಟ್ಟಿರುವುದೇ ಹೆಚ್ಚು. ಆದರೆ ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಜನರು ಒಂದೇ ಗ್ರಂಥವನ್ನು ಏಕಕಾಲದಲ್ಲಿ ತಿದ್ದುತ್ತಲೂ ಅದು ಕೆಡದಂತೆ ಕಾಪಾಡುವುದು ಹೇಗೆ ಸಾಧ್ಯವಾಯಿತೆಂದು ಕೇಳಿದರೆ, ಉತ್ತರದ ಬಹುಭಾಗವು ಈ ತೇಪೆಯ ರೂಪದಲ್ಲಿಯೇ ಅಡಗಿದೆ. ಪಾಠಾಂತರ, ಪ್ರಕ್ಷೇಪ, ಲಿಪಿಕಾರದೋಷ ಇವುಗಳೊಡನೆ ದಿನವೂ ಹೆಣಗುವ ವಿದ್ವಾಂಸರಿಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ. ತಿದ್ದುವ ಅಧಿಕಾರ ಯಾರದು, ತಿದ್ದಿದವನ ಹೆಸರು ಉಳಿಯಬೇಕೆ, ತಪ್ಪಾದ ತಿದ್ದುಪಡಿಗೆ ಹೊಣೆ ಯಾರು ಎಂಬ ಸಂಶಯಗಳು ತಾಳೆಯೋಲೆಯ ಕಾಲದಿಂದಲೂ ಇದ್ದೇ ಇವೆ.

ಕ್ರಮವಿಧಿಯು ಮೊದಲು ಒಂದು ಬರಹ. ಆಮೇಲೆ ಯಂತ್ರದ ಚೇಷ್ಟೆ. ಅದನ್ನು ಮನುಷ್ಯರು ಪಂಕ್ತಿಪಂಕ್ತಿಯಾಗಿ ಬರೆಯುತ್ತಾರೆ. ಆ ಪಂಕ್ತಿಗಳ ಸಮುದಾಯವನ್ನು ಇಲ್ಲಿ ಮೂಲಪಾಠವೆಂದು ಕರೆಯಬಹುದು. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಛಂದಸ್ಸು ಕೆಟ್ಟೀತು, ಅರ್ಥ ಮಸುಕಾದೀತು. ಆದರೂ ಸಹೃದಯನು ಊಹಿಸಿ ಓದಿಕೊಳ್ಳುತ್ತಾನೆ. ಯಂತ್ರದಲ್ಲಿ ಆ ಸಹೃದಯತೆ ಇಲ್ಲ. ಬರೆದುದನ್ನು ಬರೆದಂತೆಯೇ ನಡೆಸುವುದು ಅದರ ಧರ್ಮ. ಆದಕಾರಣ ಇಲ್ಲಿ ತಿದ್ದುಪಡಿಯು ಗ್ರಂಥ ಮುಗಿದ ಮೇಲೆ ಮಾಡುವ ಕೊನೆಯ ಕೆಲಸವಲ್ಲ. ಗ್ರಂಥವು ಬಳಕೆಯಲ್ಲಿರುವವರೆಗೂ ಅದರ ಜೊತೆಯಲ್ಲಿಯೇ ಸಾಗತಕ್ಕ ಕೆಲಸ. ಫ್ರೆಡರಿಕ್ ಬ್ರೂಕ್ಸ್ ಎಂಬವರು ೧೯೭೫ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಒಂದು ದೋಷವನ್ನು ತಿದ್ದುವಾಗ ಮತ್ತೊಂದು ದೋಷವನ್ನು ಹೊಗಿಸುವ ಸಂಭವವು ನೂರಕ್ಕೆ ೨೦ರಿಂದ ೫೦ರವರೆಗೆ ಉಂಟೆಂದು ಹೇಳಿರುವರು. ಈ ಲೆಕ್ಕವು ಎಷ್ಟರಮಟ್ಟಿಗೆ ಎಲ್ಲ ಕಾಲಕ್ಕೂ ಸಲ್ಲುವುದೆಂಬುದು ಚರ್ಚಾಸ್ಪದವೇ ಸರಿ. ಆದರೆ ಅದರ ಹಿಂದಿರುವ ಭಯವು ನಿಜವಾದುದು.

ತೇಪೆಯೆಂಬ ಹೆಸರು ಮೊದಲಲ್ಲಿ ಅಲಂಕಾರವಾಗಿರದೆ ವಾಚ್ಯಾರ್ಥದಲ್ಲಿಯೇ ಇದ್ದಿತು. ಹಿಂದಿನ ಯಂತ್ರಗಳಿಗೆ ಆಜ್ಞೆಗಳನ್ನು ತೂತು ಕೊರೆದ ಕಾಗದದ ಪಟ್ಟಿಗಳ ಮೂಲಕ ಕೊಡುತ್ತಿದ್ದರು. ತಪ್ಪು ತೂತು ಬಿದ್ದಿದ್ದರೆ ಅದರ ಮೇಲೆ ಚಿಕ್ಕ ಕಾಗದದ ಚೂರನ್ನು ಅಂಟಿಸಿ ಮುಚ್ಚುವರು. ಹೆಚ್ಚಿನ ಭಾಗ ತಪ್ಪಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆದು ಸರಿಯಾದ ತುಂಡನ್ನು ಅದರ ಸ್ಥಾನದಲ್ಲಿ ಸೇರಿಸುವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ೧೯೪೪ರಲ್ಲಿ ಕೆಲಸಕ್ಕೆ ತೊಡಗಿದ 'ಮಾರ್ಕ್ ೧' ಯಂತ್ರದ ಪಟ್ಟಿಗಳಲ್ಲಿ ಹೀಗೆ ಅಂಟಿಸಿದ ತೇಪೆಗಳನ್ನು ಇಂದಿಗೂ ಕಾಣಬಹುದು. ಯಂತ್ರಗಳನ್ನು ಮಾರುವ ಸಂಸ್ಥೆಗಳು ದೋಷವು ತಿಳಿದುಬಂದಾಗ ಬದಲಿ ತುಂಡುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದುದೂ ಉಂಟು. ತುಂಡನ್ನು ಪಡೆದವನು ಕತ್ತರಿ ಅಂಟುಗಳನ್ನು ಹಿಡಿದು ಕುಳಿತುಕೊಳ್ಳಬೇಕು.

ಆ ಕಾಲದಲ್ಲಿ ತಿದ್ದುಪಡಿಯು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದಿತು; ಮಾಡಿದವರು ಕೊಡುವರು, ಕೊಂಡವರು ಅಂಟಿಸುವರು. ಕೊಂಡವರೇ ತಿದ್ದಿ ಪರಸ್ಪರ ಹಂಚಿಕೊಳ್ಳುವ ಪದ್ಧತಿಗೂ ಬೇಗನೆ ಮೊದಲಾಯಿತು. ಐಬಿಎಂ ೭೦೧ ಎಂಬ ಯಂತ್ರವನ್ನು ಬಳಸುತ್ತಿದ್ದ ಸಂಸ್ಥೆಗಳವರು ೧೯೫೫ರಲ್ಲಿ 'ಷೇರ್' ಎಂಬ ಸಂಘವನ್ನು ಕಟ್ಟಿಕೊಂಡು ಕ್ರಮವಿಧಿಗಳನ್ನು ವಿನಿಮಯ ಮಾಡಿಕೊಳ್ಳಲಾರಂಭಿಸಿದರು. ಆದರೆ ಒಬ್ಬನ ತಿದ್ದುಪಡಿಯನ್ನು ಇನ್ನೊಬ್ಬನು ತನ್ನ ಪ್ರತಿಯಲ್ಲಿ ಸೇರಿಸಿಕೊಳ್ಳಬೇಕಾದರೆ, ಏನು ಬದಲಾಯಿತೆಂಬುದನ್ನು ನಿಷ್ಕೃಷ್ಟವಾಗಿ ಹೇಳುವ ಒಂದು ಭಾಷೆ ಬೇಕು. ಅದು ದೊರೆಯಲು ಇನ್ನೂ ಸುಮಾರು ಇಪ್ಪತ್ತು ವರ್ಷಗಳು ಹಿಡಿದುವು.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು ೧೯೭೨ರಲ್ಲಿ ಒಂದು ಮೂಲಪಾಠದ ಎಲ್ಲ ಅವಸ್ಥೆಗಳನ್ನೂ ಒಂದೇ ಕಡತದಲ್ಲಿ ಕಾಪಾಡುವ ವ್ಯವಸ್ಥೆಯನ್ನು ರಚಿಸಿ ೧೯೭೫ರಲ್ಲಿ ಅದನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಒಂದು ಅವಸ್ಥೆಗೂ ಮುಂದಿನದಕ್ಕೂ ಇರುವ ವ್ಯತ್ಯಾಸಕ್ಕೆ ಅವರು ಗ್ರೀಕ್ ಅಕ್ಷರವಾದ 'ಡೆಲ್ಟಾ' ಎಂಬ ಹೆಸರನ್ನಿಟ್ಟರು. ಅದೇ ಪ್ರಯೋಗಶಾಲೆಯಲ್ಲಿ ಡಗ್ಲಸ್ ಮೆಕಿಲ್‌ರಾಯ್ ಎಂಬವರು ಎರಡು ಪಾಠಗಳನ್ನು ಹೋಲಿಸಿ ಭೇದಗಳನ್ನು ಪಟ್ಟಿಮಾಡುವ 'ಡಿಫ್' ಎಂಬ ಸಾಧನವನ್ನು ಸಿದ್ಧಪಡಿಸಿದರು. ಇದು ೧೯೭೪ರ ಐದನೆಯ ಆವೃತ್ತಿಯ ಯೂನಿಕ್ಸ್‌ನೊಡನೆ ಹೊರಬಂದಿತು. ಅದರ ಹಿಂದಿನ ಗಣಿತವನ್ನು ಜೇಮ್ಸ್ ಹಂಟ್ ಅವರೊಡನೆ ಕೂಡಿ ೧೯೭೬ರಲ್ಲಿ ವಿವರಿಸಿದರು.

ಆ ಗಣಿತದ ತಿರುಳು ಸಾಹಿತ್ಯಜ್ಞರಿಗೆ ಸುಲಭವಾಗಿ ತಿಳಿಯತಕ್ಕುದು. ಎರಡು ಪ್ರತಿಗಳಲ್ಲಿಯೂ ಅದೇ ಅನುಕ್ರಮದಲ್ಲಿ ಬರುವ ಸಮಾನ ಪಂಕ್ತಿಗಳ ಅತಿ ದೀರ್ಘವಾದ ಸರಣಿಯನ್ನು ಮೊದಲು ಕಂಡುಹಿಡಿಯಬೇಕು. ಆ ಸರಣಿಯಲ್ಲಿ ಸೇರದೆ ಹಳೆಯ ಪ್ರತಿಯಲ್ಲಿ ಉಳಿದುದು ಲೋಪ. ಹೊಸದರಲ್ಲಿ ಉಳಿದುದು ಆಗಮ. ವ್ಯಾಕರಣದ ಈ ಎರಡು ಮಾತುಗಳೇ ಇಲ್ಲಿಗೆ ಸಾಕು. ಆದೇಶವೆಂಬುದು ಲೋಪಾಗಮಗಳ ಜೋಡಿ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಮಹಾಭಾರತದ ಪರಿಷ್ಕರಣಕ್ಕಾಗಿ ಪಂಡಿತರು ಹಲವು ಲಿಪಿಗಳ ಹಸ್ತಪ್ರತಿಗಳನ್ನು ಶ್ಲೋಕಶ್ಲೋಕವಾಗಿ ಎದುರಿಟ್ಟು ಪಾಠಭೇದಗಳನ್ನು ಗುರುತಿಸಿದ ಶ್ರಮವನ್ನು ಬಲ್ಲವರಿಗೆ, ಅದೇ ಹೋಲಿಕೆಯನ್ನು ಯಂತ್ರವು ಕ್ಷಣಮಾತ್ರದಲ್ಲಿ ಮಾಡುವುದೆಂದರೆ ಏನೆಂಬುದು ಹೊಳೆಯದಿರದು. ಆದರೆ ಭೇದವಿದೆ. ಭಾರತದ ಸಂಪಾದಕರು ಪಾಠಭೇದಗಳಿಂದ ಹಿಂದಕ್ಕೆ, ನಷ್ಟವಾದ ಮೂಲದ ಕಡೆಗೆ ನಡೆದರು. ಡಿಫ್ ಸಾಧನವನ್ನು ಹಿಡಿದವರು ಮುಂದಕ್ಕೆ, ಇನ್ನೂ ಸಿದ್ಧವಾಗದ ಪಾಠದ ಕಡೆಗೆ ನಡೆದರು.

ಹೋಲಿಕೆಯ ಫಲವನ್ನು ಹೇಗೆ ಬರೆದಿಡಬೇಕೆಂಬುದೇ ಮುಂದಿನ ಪ್ರಶ್ನೆ. ಮೊದಲಿನ ಡಿಫ್ ಸಾಧನವು ಮುದ್ರಿತ ಪುಸ್ತಕಗಳ ಒಪ್ಪೋಲೆಯಂತೆ ನಡೆಯುತ್ತಿದ್ದಿತು: ಇಂತಿಷ್ಟನೆಯ ಪಂಕ್ತಿಯನ್ನು ತೆಗೆ, ಇಂತಿಷ್ಟನೆಯ ಪಂಕ್ತಿಯ ಬಳಿಕ ಇದನ್ನು ಸೇರಿಸು. ಪುಟ ೪೨, ಪಂಕ್ತಿ ೭ ಎಂದು ಸೂಚಿಸುವ ಒಪ್ಪೋಲೆಯು ಆ ಮುದ್ರಣದ ಪ್ರತಿಗೆ ಮಾತ್ರ ಸಲ್ಲುತ್ತದೆ. ಎರಡನೆಯ ಮುದ್ರಣದಲ್ಲಿ ಪೀಠಿಕೆ ಎರಡು ಪುಟ ಬೆಳೆದಿದ್ದರೆ ಅದು ನಿಷ್ಪ್ರಯೋಜಕವಾಗುತ್ತದೆ. ಕ್ರಮವಿಧಿಗಳ ವಿಷಯದಲ್ಲಿ ಪರಿಣಾಮವು ಇನ್ನೂ ಕೆಟ್ಟದು. ಪಡೆದವನು ತನ್ನ ಪ್ರತಿಯ ಆರಂಭದಲ್ಲಿ ಎರಡು ಪಂಕ್ತಿಗಳನ್ನು ತಾನೇ ಸೇರಿಸಿಕೊಂಡಿದ್ದರೆ, ಬಂದ ತಿದ್ದುಪಡಿಯು ಎರಡು ಪಂಕ್ತಿ ಮೇಲಕ್ಕೆ ಬಿದ್ದು ಸರಿಯಾಗಿದ್ದುದನ್ನು ಅಳಿಸುತ್ತದೆ. ಎಲ್ಲರ ಕೈಯಲ್ಲಿಯೂ ಒಂದೇ ಪ್ರತಿಯಿದ್ದರೆ ಮಾತ್ರ ನಡೆಯುವ ಪದ್ಧತಿಯಿದು. ಎಲ್ಲರೂ ತಿದ್ದುವವರೇ ಆದಾಗ ಒಂದೇ ಪ್ರತಿ ಎಲ್ಲಿಂದ ಬರಬೇಕು?

ಇದಕ್ಕೆ ದೊರೆತ ಪರಿಹಾರವು ಸರಳವಾದುದು, ಆದರೆ ಅದರ ಮಹತ್ತ್ವವನ್ನು ಎಷ್ಟು ಹೇಳಿದರೂ ಅತಿಯಾಗದು. ಕ್ಯಾಲಿಫೋರ್ನಿಯದ ಬರ್ಕ್ಲಿಯಿಂದ ೧೯೮೧ರಲ್ಲಿ ಹೊರಟ ಯೂನಿಕ್ಸಿನ ಆವೃತ್ತಿಯಲ್ಲಿ ಡಿಫ್ ಸಾಧನವು ಬದಲಾದ ಪಂಕ್ತಿಗಳ ಜೊತೆಗೆ ಅವುಗಳ ಹಿಂದುಮುಂದಿನ ಬದಲಾಗದ ಕೆಲವು ಪಂಕ್ತಿಗಳನ್ನೂ ಬರೆಯಲಾರಂಭಿಸಿತು. ಇವಕ್ಕೆ ಸಂದರ್ಭಪಂಕ್ತಿಗಳೆನ್ನಬಹುದು. ನಮ್ಮ ಪ್ರಾಚೀನ ಟೀಕಾಕಾರರು ಶ್ಲೋಕಸಂಖ್ಯೆಯನ್ನು ನಂಬದೆ ಪ್ರತೀಕವನ್ನು, ಎಂದರೆ ಮೂಲದ ಮೊದಲ ಒಂದೆರಡು ಪದಗಳನ್ನು, ಎತ್ತಿ ಹೇಳಿ ವ್ಯಾಖ್ಯಾನಕ್ಕೆ ತೊಡಗುತ್ತಿದ್ದರು. ಪ್ರತಿಯಿಂದ ಪ್ರತಿಗೆ ಸಂಖ್ಯೆ ಬದಲಾಗುವುದು ಸಹಜ. ಪ್ರತೀಕವಾದರೋ ಎಲ್ಲಿದ್ದರೂ ತನ್ನ ಸ್ಥಾನವನ್ನು ತಾನೇ ತೋರಿಸಿಕೊಡುತ್ತದೆ. ಸಂದರ್ಭಪಂಕ್ತಿಗಳು ಯಂತ್ರಯುಗದ ಪ್ರತೀಕಗಳು.

ಈ ರೂಪವನ್ನು ಪೂರ್ಣವಾಗಿ ಬಳಸಿಕೊಂಡವರು ಲ್ಯಾರಿ ವಾಲ್. ಮುಂದೆ ೧೯೮೭ರಲ್ಲಿ 'ಪರ್ಲ್' ಎಂಬ ಭಾಷೆಯನ್ನು ರಚಿಸಿ ಹೆಚ್ಚು ಖ್ಯಾತರಾದವರು ಇವರೇ. ಇವರು ೧೯೮೫ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ 'ಪ್ಯಾಚ್' ಎಂಬ ಕ್ರಮವಿಧಿಯು ಡಿಫ್ ಬರೆದ ಭೇದಪಟ್ಟಿಯನ್ನು ಓದಿ ಅದನ್ನು ಪಡೆದವನ ಪ್ರತಿಗೆ ಅನ್ವಯಿಸುತ್ತದೆ. ಸೂಚಿತವಾದ ಸ್ಥಳದಲ್ಲಿ ಸಂದರ್ಭಪಂಕ್ತಿಗಳು ಕಾಣದಿದ್ದರೆ ಅದು ಮೇಲಕ್ಕೂ ಕೆಳಕ್ಕೂ ಹುಡುಕುತ್ತದೆ. ಹಾಗೂ ದೊರೆಯದಿದ್ದರೆ ಸಂದರ್ಭದ ಹೊರ ಅಂಚಿನ ಒಂದೊಂದು ಪಂಕ್ತಿಯನ್ನು ಲಕ್ಷಿಸದೆ ಮತ್ತೆ ಹುಡುಕುತ್ತದೆ. ಬೇಕಾದರೆ ಎರಡೆರಡನ್ನು ಬಿಡುತ್ತದೆ. ಆಗಲೂ ಸ್ಥಾನ ನಿಶ್ಚಯವಾಗದಿದ್ದರೆ ಆ ಖಂಡವನ್ನು ಬಲವಂತವಾಗಿ ಸೇರಿಸದೆ 'ತಿರಸ್ಕೃತ' ಎಂಬ ಬೇರೆ ಕಡತದಲ್ಲಿ ಬರೆದಿಟ್ಟು ಮನುಷ್ಯನ ವಿವೇಚನೆಗೆ ಬಿಡುತ್ತದೆ. ಎಷ್ಟು ಭಿನ್ನತೆಯನ್ನು ಸಹಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ವಿಚಾರದಲ್ಲಿ ಈ ಸಾಧನವು ತೋರುವ ಸಂಯಮವು ಅನೇಕ ಸಂಪಾದಕರಿಗೂ ಅನುಕರಣೀಯವಾದುದು.

ಅದರ ಇನ್ನೊಂದು ಗುಣವು ಚಿಕ್ಕದಾಗಿ ಕಂಡರೂ ಚರಿತ್ರೆಯ ದೃಷ್ಟಿಯಿಂದ ದೊಡ್ಡದು. ಭೇದಪಟ್ಟಿಯ ಮುಂದೆ ಬೇರೆ ಏನಾದರೂ ಬರಹವಿದ್ದರೆ ಪ್ಯಾಚ್ ಅದನ್ನು ದಾಟಿ ಮುಂದುವರಿಯುತ್ತದೆ. ಆದುದರಿಂದ ತಿದ್ದುಪಡಿಯನ್ನು ಕಳುಹಿಸುವವನು ಒಂದು ಕಾಗದವನ್ನು ಬರೆದು, ದೋಷವೇನು, ಅದು ಹೇಗೆ ತಿಳಿಯಿತು, ಹೀಗೆ ತಿದ್ದಿದುದಕ್ಕೆ ಕಾರಣವೇನು ಎಂಬುದನ್ನೆಲ್ಲ ವಿವರಿಸಿ ಅದರ ಕೆಳಗೆ ತಿದ್ದುಪಡಿಯನ್ನು ಲಗತ್ತಿಸಿದರೆ, ಪಡೆದವನು ಆ ಕಾಗದವನ್ನು ಇಡಿಯಾಗಿ ಯಂತ್ರಕ್ಕೆ ಕೊಡಬಹುದಾಯಿತು. ತಿದ್ದುಪಡಿಯೂ ಅದರ ಸಮರ್ಥನೆಯೂ ಒಂದೇ ಹಾಳೆಯಲ್ಲಿ ಸಂಚರಿಸತೊಡಗಿದುವು. ದೂರವಾಣಿಯ ತಂತಿಗಳ ಮೇಲೆ ಅಕ್ಷರಗಳು ಮೆಲ್ಲಮೆಲ್ಲನೆ ಸಾಗುತ್ತಿದ್ದ ಆ ಕಾಲದಲ್ಲಿ ಇಡೀ ಗ್ರಂಥವನ್ನು ಮತ್ತೆ ಕಳುಹಿಸುವುದು ದುಬಾರಿಯ ಕೆಲಸ. ಹತ್ತು ಪಂಕ್ತಿಯ ತೇಪೆಯಾದರೆ ಎಲ್ಲಿಗೂ ತಲಪುತ್ತದೆ. ೧೯೯೦ರಲ್ಲಿ ವೇಯ್ನ್ ಡೇವಿಸನ್ ಎಂಬವರು ಹಳೆಯ ಪಾಠ ಹೊಸ ಪಾಠಗಳನ್ನು ಬೇರೆಬೇರೆ ಬರೆಯುವ ಬದಲು ಒಂದೇ ಸಾಲಿನಲ್ಲಿ ಹೆಣೆದು, ಹೋದುದಕ್ಕೆ ಕಳೆಯುವ ಗುರುತನ್ನೂ ಬಂದುದಕ್ಕೆ ಕೂಡುವ ಗುರುತನ್ನೂ ಇಡುವ ಕ್ರಮವನ್ನು ತಂದರು. ಇಂದಿಗೂ ನಡೆಯುತ್ತಿರುವ ರೂಪವು ಇದೇ.

ಸಾಧನವು ಸಿದ್ಧವಾಯಿತು, ಆದರೆ ಬಂದ ತಿದ್ದುಪಡಿಗಳನ್ನು ಅಂಗೀಕರಿಸತಕ್ಕವರು ಯಾರು? ಈ ಪ್ರಶ್ನೆಗೆ ಸಾಧನದಲ್ಲಿ ಉತ್ತರವಿಲ್ಲ. ವಿಲಿಯಂ ಜಾಲಿಟ್ಸ್ ಮತ್ತು ಲಿನ್ ಜಾಲಿಟ್ಸ್ ದಂಪತಿಗಳು ೧೯೯೨ರಲ್ಲಿ ಸಾಮಾನ್ಯ ಯಂತ್ರಗಳಲ್ಲಿ ನಡೆಯತಕ್ಕ '೩೮೬ಬಿಎಸ್‌ಡಿ' ಎಂಬ ವ್ಯವಸ್ಥೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಜನರು ಆದರದಿಂದ ಅದನ್ನು ಸ್ವೀಕರಿಸಿ ದೋಷಗಳನ್ನು ತಿದ್ದಿ ಕಳುಹಿಸಲಾರಂಭಿಸಿದರು. ಮೂಲದಲ್ಲಿ ಅವು ಬೇಗನೆ ಸೇರಲಿಲ್ಲ. ಆಗ ಬಳಕೆದಾರರೇ ಒಂದು ಅನಧಿಕೃತ 'ತೇಪೆಗಂಟ'ನ್ನು ಕಟ್ಟಿ ನಡೆಸಿದರು. ಗಂಟು ಬೆಳೆದಂತೆಲ್ಲ ಒಂದು ತೇಪೆ ಇನ್ನೊಂದನ್ನು ಅವಲಂಬಿಸಿ, ತೇಪೆಯ ಮೇಲೆ ತೇಪೆ ಬಿದ್ದು, ಕೊನೆಗೆ ಆ ಪದ್ಧತಿಯಿಂದ ಸರಿಪಡಿಸಲಾರದ ದೋಷಗಳು ಉಳಿದುಕೊಂಡುವು. ಗಂಟನ್ನು ನೋಡಿಕೊಳ್ಳುತ್ತಿದ್ದ ನೇಟ್ ವಿಲಿಯಮ್ಸ್, ರಾಡ್ ಗ್ರೈಮ್ಸ್, ಜೋರ್ಡನ್ ಹಬ್ಬರ್ಡ್ ಎಂಬ ಮೂವರು ಎಲ್ಲವನ್ನೂ ಸೇರಿಸಿದ ಒಂದು ಮಧ್ಯಕಾಲಿಕ ಆವೃತ್ತಿಯನ್ನು ಹೊರತರಲು ಹೊರಟಾಗ ಮೂಲಕರ್ತರ ಸಮ್ಮತಿ ಹಿಂತೆಗೆಯಲ್ಪಟ್ಟಿತು. ಹೀಗಾಗಿ ೧೯೯೩ರಲ್ಲಿ 'ಫ್ರೀಬಿಎಸ್‌ಡಿ' ಬೇರೆ ಗ್ರಂಥವಾಗಿಯೇ ಹುಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ಅದೇ ಅಸಮಾಧಾನದಿಂದ ಇನ್ನೊಂದು ಗುಂಪಿನವರು 'ನೆಟ್‌ಬಿಎಸ್‌ಡಿ' ಎಂಬುದನ್ನು ಹೊರತಂದಿದ್ದರು. ಒಂದು ಕಾವ್ಯಕ್ಕೆ ಔತ್ತರೇಯ ದಾಕ್ಷಿಣಾತ್ಯ ಪಾಠಪರಂಪರೆಗಳು ಶತಮಾನಗಳಲ್ಲಿ ಏರ್ಪಡುತ್ತವೆ; ಇಲ್ಲಿ ಅದಕ್ಕೆ ಎರಡು ವರ್ಷವೂ ಹಿಡಿಯಲಿಲ್ಲ. ಮೂಲಕರ್ತರನ್ನು ಇದಕ್ಕಾಗಿ ನಿಂದಿಸುವುದು ನ್ಯಾಯವೆಂದು ತೋರುವುದಿಲ್ಲ. ಊರೆಲ್ಲ ತಂದೊಪ್ಪಿಸುವ ತಿದ್ದುಪಡಿಗಳನ್ನು ಇಬ್ಬರು ಕುಳಿತು ಪರೀಕ್ಷಿಸುವುದು ಅವರನ್ನು ಬರೆಯುವ ಕೆಲಸದಿಂದಲೇ ಬಿಡಿಸುವಷ್ಟು ಭಾರವಾದುದು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಆ ಕಾಲದಲ್ಲಿಯೇ ಉಂಟು. ಇಲಿನಾಯ್ ವಿಶ್ವವಿದ್ಯಾನಿಲಯದ ಗಣಕಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬವರು ರಚಿಸಿದ ಜಾಲಪರಿಚಾರಕವು ಅವರು ೧೯೯೪ರಲ್ಲಿ ಅಲ್ಲಿಂದ ಹೊರಟ ಮೇಲೆ ಅನಾಥವಾಯಿತು. ಅದನ್ನು ಬಳಸುತ್ತಿದ್ದವರು ತಂತಮ್ಮ ತೇಪೆಗಳನ್ನು ಹಚ್ಚಿಕೊಂಡಿದ್ದರು. ೧೯೯೫ರ ಫೆಬ್ರವರಿಯಲ್ಲಿ ಎಂಟು ಜನರು ಸೇರಿ ಆ ತೇಪೆಗಳನ್ನೆಲ್ಲ ಒಟ್ಟುಗೂಡಿಸಿ, ಏಪ್ರಿಲಿನಲ್ಲಿ 'ಅಪಾಚೆ' ಎಂಬ ಹೆಸರಿನಿಂದ ಹೊರತಂದರು. ಈ ಹೆಸರಿನ ನಿಷ್ಪತ್ತಿಯಲ್ಲಿ ಎರಡು ಮತಗಳಿವೆ. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಮೇಲಣ ಗೌರವದಿಂದ ಇಟ್ಟುದೆಂಬುದೊಂದು. 'ಎ ಪ್ಯಾಚಿ ಸರ್ವರ್', ಎಂದರೆ ತೇಪೆ ಹಚ್ಚಿದ ಪರಿಚಾರಕ, ಎಂಬುದರ ಶ್ಲೇಷೆಯೆಂಬುದು ಇನ್ನೊಂದು. ಶ್ಲೇಷದ ಮತವು ಸ್ಥಾಪಕರ ಮೊದಲ ದಿನಗಳ ಪ್ರಕಟಣೆಗಳಲ್ಲಿಯೇ ಕಾಣುವುದರಿಂದ ಅದನ್ನು ಅರ್ವಾಚೀನ ಕಲ್ಪನೆಯೆಂದು ತಳ್ಳುವಂತಿಲ್ಲ. ಹೇಗಾದರೂ ಇರಲಿ, ಬಡತನದ ಗುರುತಾಗಿದ್ದ ತೇಪೆಯು ಇಲ್ಲಿ ಬಿರುದಾಯಿತು. ೧೯೯೬ರ ವೇಳೆಗೆ ಲೋಕದಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿದ್ದ ಜಾಲಪರಿಚಾರಕವು ಅದೇ ಆಗಿದ್ದಿತು.

ಲೈನಕ್ಸ್ ವ್ಯವಸ್ಥೆಯ ತಿರುಳಿನ ಕಥೆಯು ಇವೆರಡಕ್ಕಿಂತ ದೀರ್ಘವಾದುದು. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ೧೯೯೧ರಲ್ಲಿ ಅದನ್ನು ಆರಂಭಿಸಿದನಂತರ ಹತ್ತು ವರ್ಷಗಳಿಗೂ ಮೇಲ್ಪಟ್ಟು ಎಲ್ಲ ತಿದ್ದುಪಡಿಗಳೂ ವಿದ್ಯುದಂಚೆಯ ಮೂಲಕ ಅವರೊಬ್ಬರ ಕೈಗೆ ಬಂದು ಸೇರುತ್ತಿದ್ದುವು. ಒಪ್ಪಿಗೆಯಾದುದನ್ನು ಅವರು ಪ್ಯಾಚ್ ಸಾಧನದಿಂದ ತಮ್ಮ ಪ್ರತಿಗೆ ಸೇರಿಸುವರು. ಒಪ್ಪಿಗೆಯಾಗದುದಕ್ಕೆ ಉತ್ತರವೇ ಇಲ್ಲದಿರುವುದೂ ಉಂಟು. ಮೌನವನ್ನು ನಿರಾಕರಣೆಯೆಂದು ತಿಳಿಯಬೇಕೋ, ಕಾಗದ ಕಳೆದುಹೋಯಿತೆಂದು ತಿಳಿಯಬೇಕೋ ಕಳುಹಿಸಿದವನಿಗೆ ಅರಿಯದು. ಆದುದರಿಂದ ಮತ್ತೆ ಮತ್ತೆ ಕಳುಹಿಸುತ್ತಿರುವುದೇ ವಾಡಿಕೆಯಾಯಿತು. ೧೯೯೮ರಲ್ಲಿ ಈ ವಿಷಯವಾಗಿ ಬಿರುಸಾದ ವಾಗ್ವಾದ ನಡೆಯಿತು. ೨೦೦೨ರ ಜನವರಿಯಲ್ಲಿ ರಾಬ್ ಲ್ಯಾಂಡ್ಲಿ ಎಂಬವರು ತೇಪೆಗಳನ್ನು ಕ್ರೋಡೀಕರಿಸಲು ಬೇರೊಬ್ಬ ಅಧಿಕಾರಿಯನ್ನು ನಿಯಮಿಸಬೇಕೆಂದು ಸೂಚಿಸಿದರು. ಟೋರ್ವಾಲ್ಡ್ಸ್ ಅದಕ್ಕೆ ಒಪ್ಪಲಿಲ್ಲ. ಒಬ್ಬನ ಬದಲು ಇನ್ನೊಬ್ಬನನ್ನು ಕುಳ್ಳಿರಿಸಿದರೆ ಭಾರವು ಹೆಗಲು ಬದಲಿಸಿತೇ ಹೊರತು ಕಡಮೆಯಾಗದೆಂದೂ, ವಿಭಾಗವಿಭಾಗಕ್ಕೆ ನಂಬಿಕೆಯ ಪಾಲಕರು ಇದ್ದು ಅವರು ಶೋಧಿಸಿ ಕೊಟ್ಟುದನ್ನೇ ತಾವು ಸ್ವೀಕರಿಸುವುದು ಸರಿಯೆಂದೂ ಅವರ ಅಭಿಪ್ರಾಯವಾಗಿದ್ದಿತು. ಮುಂದಿನ ವರ್ಷಗಳು ಈ ಅಭಿಪ್ರಾಯವನ್ನೇ ಸಮರ್ಥಿಸಿವೆ. ಆದರೆ ದೂರಿದವರ ಸಂಕಟವೂ ಸುಳ್ಳಾಗಿರಲಿಲ್ಲ.

ಇಲ್ಲಿ ಚರಿತ್ರಕಾರನಿಗೆ ಆದ ನಷ್ಟವೊಂದನ್ನು ಹೇಳಬೇಕು. ೨೦೦೨ಕ್ಕೆ ಹಿಂದೆ ತಿರುಳಿನ ಒಂದು ಆವೃತ್ತಿಗೂ ಮುಂದಿನದಕ್ಕೂ ಇರುವ ಒಟ್ಟು ವ್ಯತ್ಯಾಸವು ಉಳಿದಿದೆಯೇ ಹೊರತು, ಅದರೊಳಗಣ ಯಾವ ಪಂಕ್ತಿಯನ್ನು ಯಾರು ಯಾವ ಕಾರಣದಿಂದ ತಿದ್ದಿದರೆಂಬ ದಾಖಲೆ ಕ್ರಮವಾಗಿ ಉಳಿದಿಲ್ಲ. ತೇಪೆಯೊಡನೆ ಬಂದ ಕಾಗದಗಳು ಸೇರಿಸುವ ಹೊತ್ತಿನಲ್ಲಿ ಕಳಚಿಬಿದ್ದುವು. ಪಾಠವು ಉಳಿದು ಪಾಠಕಾರರು ಮರೆಯಾದರು.

೨೦೦೨ರ ಫೆಬ್ರವರಿಯಲ್ಲಿ ಟೋರ್ವಾಲ್ಡ್ಸ್ ಅವರು ಲ್ಯಾರಿ ಮೆಕ್‌ವಾಯ್ ಅವರ ಸಂಸ್ಥೆಯ 'ಬಿಟ್‌ಕೀಪರ್' ಎಂಬ ವ್ಯವಸ್ಥೆಯನ್ನು ಬಳಸಲಾರಂಭಿಸಿದರು. ಅದು ಸ್ವಾಮ್ಯಕ್ಕೊಳಪಟ್ಟ ಸಾಧನವಾದುದರಿಂದ ಸ್ವತಂತ್ರ ತಂತ್ರಾಂಶದ ಪಕ್ಷದವರಿಂದ ಖಂಡನೆ ಬಂದಿತು. ೨೦೦೫ರಲ್ಲಿ ಅದರ ನಿಬಂಧನೆಗಳನ್ನು ಕುರಿತು ವಿವಾದವೆದ್ದು ಉಚಿತ ಬಳಕೆಯ ಅನುಮತಿ ನಿಂತುಹೋಯಿತು. ಆ ವರ್ಷದ ಏಪ್ರಿಲ್ ೩ರಂದು ಟೋರ್ವಾಲ್ಡ್ಸ್ ಹೊಸ ಸಾಧನದ ರಚನೆಗೆ ತೊಡಗಿ, ೭ರಂದು ಆ ಸಾಧನದ ಪಾಠವನ್ನು ಅದರಲ್ಲಿಯೇ ಕಾಪಾಡುವಷ್ಟು ಮುಂದುವರಿಸಿದ್ದರು. ಅದೇ 'ಗಿಟ್'. ಜುಲೈ ತಿಂಗಳಲ್ಲಿ ಅದರ ಪಾಲನೆಯನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು.

ಗಿಟ್ ಸಾಧನವು ಒಂದು ವಿಷಯದಲ್ಲಿ ವಿಚಿತ್ರವಾದುದು. ಅದು ತೇಪೆಗಳನ್ನು ಸಂಗ್ರಹಿಸುವುದಿಲ್ಲ; ಪ್ರತಿಯೊಂದು ಅವಸ್ಥೆಯ ಪೂರ್ಣಪಾಠವನ್ನೂ ಒಂದು ಚಿತ್ರದಂತೆ ಇಟ್ಟುಕೊಂಡು, ಬೇಕಾದಾಗ ಎರಡು ಅವಸ್ಥೆಗಳನ್ನು ಹೋಲಿಸಿ ವ್ಯತ್ಯಾಸವನ್ನು ಬರೆದುಕೊಡುತ್ತದೆ. ಇದಕ್ಕೆ ವಿರುದ್ಧವಾಗಿ ತೇಪೆಯೇ ಮೂಲವಸ್ತು, ಗ್ರಂಥವು ತೇಪೆಗಳ ಮೊತ್ತ ಎಂದು ಸಾಧಿಸಿದ ಪಕ್ಷವೂ ಉಂಟು. ಡೇವಿಡ್ ರೌಂಡಿ ಎಂಬ ಭೌತಶಾಸ್ತ್ರಜ್ಞರು ೨೦೦೩ರಲ್ಲಿ ಹೊರತಂದ 'ಡಾರ್ಕ್ಸ್' ಆ ಪಕ್ಷದ್ದು. ಎರಡು ತೇಪೆಗಳ ಕ್ರಮವನ್ನು ಅದಲುಬದಲು ಮಾಡಿದರೆ ಫಲವು ಬದಲಾಗುವುದೆ ಇಲ್ಲವೆ ಎಂಬ ಸೂಕ್ಷ್ಮ ವಿಚಾರವನ್ನು ಅವರು ಎತ್ತಿದರು. ಸಿದ್ಧಾಂತದ ಸೊಗಸು ಡಾರ್ಕ್ಸ್ ಕಡೆಗಿದ್ದರೂ ಬಳಕೆಯ ಬಹುಮತವು ಗಿಟ್ ಕಡೆಗೆ ಹೋಯಿತು.

ಗಿಟ್ ಪ್ರತಿಯೊಂದು ತಿದ್ದುಪಡಿಗೂ ಇಬ್ಬರ ಹೆಸರನ್ನು ಬರೆದಿಡುತ್ತದೆ: ರಚಿಸಿದ ಕರ್ತೃ, ಗ್ರಂಥದಲ್ಲಿ ಸೇರಿಸಿದವನು. ಕವಿಯನ್ನೂ ಲಿಪಿಕಾರನನ್ನೂ ಬೇರೆಬೇರೆಯಾಗಿ ನಮೂದಿಸುವ ಓಲೆಯ ಸಮಾಪ್ತಿವಾಕ್ಯದಂತೆಯೇ ಇದು. ಇದಕ್ಕೆ ತುಸು ಮುಂಚೆ, ೨೦೦೩ರಲ್ಲಿ, ಎಸ್‌ಸಿಒ ಎಂಬ ಸಂಸ್ಥೆಯು ತನ್ನ ಸ್ವತ್ತು ಲೈನಕ್ಸ್‌ನಲ್ಲಿ ಸೇರಿಹೋಗಿದೆಯೆಂದು ಐಬಿಎಂ ಮೇಲೆ ವ್ಯಾಜ್ಯ ಹೂಡಿದ್ದಿತು. ಪಂಕ್ತಿಗಳು ಎಲ್ಲಿಂದ ಬಂದುವೆಂದು ತೋರಿಸಬೇಕಾದ ಪ್ರಸಂಗ ಬಂದಾಗ ದಾಖಲೆಯ ಅಭಾವವು ಮನಸ್ಸಿಗೆ ತಟ್ಟಿತು. ೨೦೦೪ರ ಮೇ ತಿಂಗಳಿಂದ ತಿದ್ದುಪಡಿ ಕಳುಹಿಸುವ ಪ್ರತಿಯೊಬ್ಬನೂ ಅದು ತನ್ನದೇ ಅಥವಾ ಕಳುಹಿಸಲು ತನಗೆ ಹಕ್ಕಿರುವುದು ಎಂದು ಸಾರುವ ಒಂದು ಸಹಿಪಂಕ್ತಿಯನ್ನು ಸೇರಿಸಬೇಕೆಂಬ ನಿಯಮವಾಯಿತು. ತೇಪೆಯು ಪಾಲಕನಿಂದ ಪಾಲಕನಿಗೆ ಏರಿದಂತೆ ಸಹಿಗಳೂ ಒಂದರ ಕೆಳಗೊಂದು ಕೂಡುತ್ತವೆ. ಗುರುಪರಂಪರೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದಂತೆ ಅದನ್ನು ಓದಬಹುದು.

ಬಿಡುಗಡೆಯಾದ ಆವೃತ್ತಿಯ ತಿದ್ದುಪಡಿಯು ಬೇರೆಯ ಸಮಸ್ಯೆ. ಮುಂದಿನ ಆವೃತ್ತಿಗೆ ಕಾಯಲಾರದ ದೋಷಗಳಿರುತ್ತವೆ. ಅವಕ್ಕಾಗಿ ಹೊಸ ಆವೃತ್ತಿಯನ್ನೇ ತೆಗೆದುಕೊಂಡರೆ ಬೇಡದ ನೂರು ಬದಲಾವಣೆಗಳೂ ಬರುತ್ತವೆ. ೨೦೦೫ರ ಮಾರ್ಚಿಯಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಎಂಬವರು ೨.೬.೧೧ನೆಯ ತಿರುಳಿನಿಂದ ತೊಡಗಿ ದೃಢಶಾಖೆಯೊಂದನ್ನು ನಡೆಸಲಾರಂಭಿಸಿದರು. ಅದಕ್ಕಾಗಿ ಮಾಡಿದ ಕಟ್ಟಳೆಗಳು ಬಿಗಿಯಾದುವು. ತಿದ್ದುಪಡಿಯು ನಿಜವಾಗಿ ಜನರನ್ನು ಬಾಧಿಸುವ ದೋಷವನ್ನು ಪರಿಹರಿಸಬೇಕು. ಮುಂದೆ ಹೀಗಾದೀತೆಂಬ ಊಹೆ ಸಾಲದು. ಅದರ ಸಾಧುತ್ವವು ನೋಡಿದೊಡನೆ ತಿಳಿಯುವಂತಿದ್ದು ಪರೀಕ್ಷಿತವಾಗಿರಬೇಕು. ಸಂದರ್ಭಪಂಕ್ತಿಗಳೂ ಸೇರಿ ೧೦೦ ಪಂಕ್ತಿಗಳನ್ನು ಮೀರಬಾರದು. ಮುಂದೆ ಇವುಗಳ ಜೊತೆಗೆ, ಆ ತಿದ್ದುಪಡಿಯು ಮೊದಲು ಮುಖ್ಯಗ್ರಂಥದಲ್ಲಿ ಸೇರಿರಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದ ನಿಯಮವಾಗಿ ನಿಂತಿತು. ಇದರ ಹಿಂದಿನ ಅನುಭವವು ಸ್ಪಷ್ಟ: ಶಾಖೆಯಲ್ಲಿ ಮಾತ್ರ ತಿದ್ದಿ ಮೂಲದಲ್ಲಿ ಬಿಟ್ಟ ದೋಷವು ಮುಂದಿನ ಆವೃತ್ತಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಈಚಿನ ವರ್ಷಗಳಲ್ಲಿ ತಿರುಳಿನ ಒಂದೊಂದು ಆವೃತ್ತಿಗೆ ೧೦,೦೦೦ಕ್ಕೂ ಮಿಕ್ಕ ತಿದ್ದುಪಡಿಗಳು ಸೇರುತ್ತಿರುವಾಗ ಈ ನಿಯಮವಿಲ್ಲದೆ ಯಾವ ಪಾಲಕನೂ ಕೆಲಸವನ್ನು ಸಾಗಿಸಲಾರನು.

ಮೂಲದಲ್ಲಿ ಸೇರದ ತೇಪೆಯಿಂದ ಒದಗಿದ ಅನರ್ಥಕ್ಕೆ ಡೆಬಿಯನ್ ವ್ಯವಸ್ಥೆಯ ಒಂದು ಪ್ರಸಂಗವು ಎಲ್ಲಕ್ಕಿಂತ ವಿಶದವಾದ ನಿದರ್ಶನ. ಗುಪ್ತಲೇಖನಕ್ಕೆ ಬೇಕಾದ ಬೀಗದ ಸಂಖ್ಯೆಗಳನ್ನು 'ಓಪನ್ ಎಸ್ಎಸ್ಎಲ್' ಎಂಬ ಸಾಧನವು ಊಹೆಗೆ ಸಿಗದ ಹಲವು ಮೂಲಗಳಿಂದ ಸಾಮಗ್ರಿಯನ್ನು ಕಲೆಸಿ ತಯಾರಿಸುತ್ತದೆ. ಅದರ ಪಾಠದಲ್ಲಿ ಒಂದೇ ರೂಪದ ಪಂಕ್ತಿಯು ಎರಡು ಕಡೆ ಬರುತ್ತಿದ್ದಿತು. ಒಂದು ಕಡೆ ಅದು, ಇನ್ನೂ ಏನನ್ನೂ ಬರೆಯದ ಸ್ಮೃತಿಸ್ಥಾನದಲ್ಲಿ ಆಕಸ್ಮಿಕವಾಗಿ ಇರುವುದನ್ನೂ ಕಲಕಕ್ಕೆ ಸೇರಿಸುತ್ತಿದ್ದಿತು. ದೋಷಗಳನ್ನು ಹುಡುಕುವ ಸಾಧನಗಳಿಗೆ ಇದು ಅಪಭ್ರಂಶವಾಗಿ ಕಂಡು ಅವು ಆಕ್ಷೇಪಿಸುತ್ತಿದ್ದುವು. ಇನ್ನೊಂದು ಕಡೆ ಅದೇ ಪಂಕ್ತಿಯು ನಿಜವಾದ ಸಾಮಗ್ರಿಯನ್ನು ಸೇರಿಸುವ ಜೀವನಾಡಿಯಾಗಿದ್ದಿತು. ೨೦೦೬ರಲ್ಲಿ ಡೆಬಿಯನ್ ಪಾಲಕರು ಎರಡನ್ನೂ ತೆಗೆದುಹಾಕಿದರು. ಮೊದಲು ಮೂಲಕರ್ತರ ಬಳಗದಲ್ಲಿ ವಿಚಾರಿಸಿಯೂ ಇದ್ದರು. ಆದರೆ ಪ್ರಶ್ನೆಯು ದೋಷಶೋಧನೆಯ ಅನುಕೂಲಕ್ಕಾಗಿ ಎಂಬಂತೆ ಇದ್ದುದರಿಂದ ಅಲ್ಲಿ ಯಾರೂ ಬಲವಾಗಿ ಬೇಡವೆನ್ನಲಿಲ್ಲ. ಸಿದ್ಧವಾದ ತೇಪೆಯು ಮೂಲಕರ್ತರ ಪರೀಕ್ಷೆಗೆ ಹೋಗಲಿಲ್ಲ.

ಅಂದಿನಿಂದ ಕಲಕದಲ್ಲಿ ಉಳಿದುದು ಕಾರ್ಯದ ಕ್ರಮಸಂಖ್ಯೆಯೊಂದೇ; ಅದರ ಪರಮಾವಧಿ ೩೨,೭೬೮. ಊಹಿಸಲಾಗದಷ್ಟು ಇರಬೇಕಾಗಿದ್ದ ಬೀಗಗಳು ಒಂದೊಂದು ಬಗೆಗೆ ಅಷ್ಟೇ ಆಗಿಹೋದುವು. ಯಂತ್ರಗಳು ಎಂದಿನಂತೆ ನಡೆಯುತ್ತಿದ್ದುವು, ಬೀಗಗಳು ನೋಟಕ್ಕೆ ಬೀಗಗಳಂತೆಯೇ ಇದ್ದುವು. ೨೦೦೮ರ ಮೇ ೧೩ರಂದು ಲೂಸಿಯಾನೊ ಬೆಲ್ಲೊ ಎಂಬವರ ಶೋಧನೆಯಿಂದ ಸಂಗತಿ ಹೊರಬಿದ್ದಾಗ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದಿತು. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ಮೊದಲಾದ ವ್ಯವಸ್ಥೆಗಳಲ್ಲಿ ಆ ಅವಧಿಯಲ್ಲಿ ತಯಾರಾದ ಬೀಗಗಳನ್ನೆಲ್ಲ ಲೋಕದಾದ್ಯಂತ ಹುಡುಕಿ ಬದಲಿಸಬೇಕಾಯಿತು. ಪಾಠವಿಮರ್ಶೆಯಲ್ಲಿ ಪ್ರಸಿದ್ಧವಾದ ಒಂದು ಸೂತ್ರವುಂಟು: ಕ್ಲಿಷ್ಟವಾದ ಪಾಠವೇ ಮೂಲವಾಗಿರುವ ಸಂಭವ ಹೆಚ್ಚು, ತಿಳಿಯದುದನ್ನು ಸುಲಭಗೊಳಿಸುವುದು ಲಿಪಿಕಾರನ ಸ್ವಭಾವ. ಈ ಪ್ರಸಂಗದಲ್ಲಿ ಸುಲಭಗೊಳಿಸಿದವರು ಅಶ್ರದ್ಧರಾಗಿರಲಿಲ್ಲ, ಅಜ್ಞರೂ ಆಗಿರಲಿಲ್ಲ. ಪಂಕ್ತಿಯ ಪಕ್ಕದಲ್ಲಿ ಅದು ಅಲ್ಲಿರುವುದಕ್ಕೆ ಕಾರಣವನ್ನು ಸಾಕಷ್ಟು ಬರೆದಿಡದ ಮೂಲಕರ್ತರ ಪಾಲೂ ಇದರಲ್ಲಿ ಇದೆಯೆಂದು ಹೇಳದೆ ವಿಧಿಯಿಲ್ಲ.

ಆಗ ಡೆಬಿಯನ್ ಸಂಪ್ರದಾಯದಲ್ಲಿ ಪಾಲಕರು ಮಾಡಿದ ತಿದ್ದುಪಡಿಗಳೆಲ್ಲವೂ ಒಂದೇ ದೊಡ್ಡ ಭೇದಪಟ್ಟಿಯಲ್ಲಿ ಕಲಸಿಕೊಂಡಿರುವುದು ಸಾಮಾನ್ಯವಾಗಿದ್ದಿತು. ಹೊರಗಿನವನೊಬ್ಬನು ಓದಿ ಯಾವುದು ಯಾತಕ್ಕೆಂದು ತಿಳಿಯುವುದು ಕಷ್ಟ. ಮುಂದಿನ ವರ್ಷಗಳಲ್ಲಿ, ಆಂಡ್ರೂ ಮಾರ್ಟನ್ ಅವರು ಲೈನಕ್ಸ್ ತಿರುಳಿಗಾಗಿ ಬಳಸುತ್ತಿದ್ದ ಪದ್ಧತಿಯಿಂದ ಬೆಳೆದು ಬಂದ 'ಕ್ವಿಲ್ಟ್' ಎಂಬ ಸಾಧನದ ಕ್ರಮವನ್ನು ಅನುಸರಿಸಿ, ಒಂದೊಂದು ತೇಪೆಯನ್ನೂ ಬೇರೆ ಕಡತವಾಗಿ, ಅನುಕ್ರಮದ ಪಟ್ಟಿಯೊಡನೆ ಇಡುವ ರೂಪವು ಅಲ್ಲಿ ನೆಲೆಗೊಂಡಿತು. ಕ್ವಿಲ್ಟ್ ಎಂದರೆ ಕೌದಿ. ೨೦೦೯ರಲ್ಲಿ ತೇಪೆಗಳ ತಲೆಬರಹಕ್ಕೂ ಒಂದು ಮಾದರಿಯನ್ನು ಸೂಚಿಸಿದರು. ಅದರಂತೆ ಪ್ರತಿಯೊಂದು ತೇಪೆಯ ಮೇಲೆ ಅದರ ವಿವರಣೆ, ಅದು ಎಲ್ಲಿಂದ ಬಂದಿತು, ಮೂಲಕರ್ತರಿಗೆ ಅದನ್ನು ಕಳುಹಿಸಲಾಗಿದೆಯೆ, ಕಳುಹಿಸಬೇಕಾಗಿಲ್ಲವಾದರೆ ಏತಕ್ಕೆ, ಅವರು ಸ್ವೀಕರಿಸಿದ್ದರೆ ಯಾವ ಆವೃತ್ತಿಯಲ್ಲಿ ಎಂಬಿವುಗಳನ್ನು ಬರೆಯುವುದಕ್ಕೆ ಒಂದೊಂದು ಪಂಕ್ತಿಯನ್ನು ಗೊತ್ತುಮಾಡಿದೆ.